ಆರು ಗಂಟೆಯೊಳಗಿನ ಟೋಸ್ಟ್

ನ್ಯಾಮತಿ ಕಡೆಯ ಮದುವೆ ಊಟಕ್ಕೂ ವೈನಿಗೂ ಸಂಬಂಧವಿಲ್ಲ. ಅಕ್ಷತೆ ಬಿದ್ದ ಮೇಲೆ ಎಲೆ ಹಾಕಬೇಕು, ಕೋಸಂಬರಿಯಿಂದ ಶುರುವಾಗಿ ಹೋಳಿಗೆ ಮೇಲೆ ತುಪ್ಪ ಬೀಳುವವರೆಗೆ ಪಂಕ್ತಿ ನಡೆಯಬೇಕು. ಕುಡಿಯುವವರಿದ್ದರೆ ಕಲ್ಯಾಣ ಮಂಟಪದ ಹಿಂದೆ ನಿಂತ ಯಾರದೋ ಕಾರಿನ ಡಿಕ್ಕಿಯ ಹತ್ತಿರ ತಮ್ಮ ವ್ಯವಸ್ಥೆ ತಾವೇ ನೋಡಿಕೊಳ್ಳುತ್ತಾರೆ. 2023ರ ಮೇ ತಿಂಗಳಲ್ಲಿ ಇಲ್ಲಿನ ಒಂದು ಅಡಿಕೆ ತೋಟದ ಮನೆಯವರು ಈ ಪದ್ಧತಿ ಮೀರಬೇಕಾಯಿತು. ಮನೆ ಹುಡುಗಿ ಬೆಂಗಳೂರಿನ ಆಫೀಸಿನಲ್ಲಿ ಜೊತೆಗೆ ಕೆಲಸ ಮಾಡುವ ಹುಡುಗನನ್ನು ಒಪ್ಪಿದ್ದಳು. ಅವನ ಮನೆಯವರು ಶಿವಮೊಗ್ಗದಲ್ಲಿ ನೆಲೆಸಿರುವ ಮಂಗಳೂರು ಮೂಲದ ಕ್ರೈಸ್ತರು. ಅವರ ರಿಸೆಪ್ಷನ್ನಿನಲ್ಲಿ ಕೇಕು ಕತ್ತರಿಸಿದ ಮೇಲೆ ಹಿರಿಯರೊಬ್ಬರು ಎದ್ದು ಹುಡುಗ ಹುಡುಗಿಯ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ ಟೋಸ್ಟ್ ಎತ್ತುತ್ತಾರೆ. ಆಗ ಎಲ್ಲರ ಕೈಯಲ್ಲೂ ಗ್ಲಾಸು ಇರಲೇಬೇಕು. ಭಾನುವಾರ ನ್ಯಾಮತಿಯಲ್ಲಿ ಮುಹೂರ್ತ, ಸೋಮವಾರ ಬೆಳಿಗ್ಗೆ ಶಿವಮೊಗ್ಗದ ಚರ್ಚಿನಲ್ಲಿ ಆಶೀರ್ವಾದ, ರಾತ್ರಿ ಅಲ್ಲೇ ಹೋಟೆಲೊಂದರಲ್ಲಿ ಊಟ ಎಂದು ಮಾತಾಯಿತು. ಬ್ರಾಂದಿ, ವಿಸ್ಕಿ ಬೇಡ, ವೈನ್ ಮಾತ್ರ ಇರಲಿ ಎಂಬುದು ಎರಡೂ ಕಡೆಯವರು ಮಾಡಿಕೊಂಡ ರಾಜಿ.

ವೈನಿನ ಉಸಾಬರಿ ಹುಡುಗಿಯ ಚಿಕ್ಕಪ್ಪನ ತಲೆಗೆ ಬಂತು. ಆ ಚಿಕ್ಕಪ್ಪನೇ ಇದನ್ನು ಬರೆಯುತ್ತಿರುವುದು. ಆದರೆ ಸಾಲು ಸಾಲಿಗೂ ‘ನಾನು’ ಎಂದರೆ ಭಾವನ ಜೊತೆ ಆರಿರುವ ಜಗಳ ಮತ್ತೆ ಹೊತ್ತಿಕೊಂಡೀತು. ಹಾಗಾಗಿ ಚಿಕ್ಕಪ್ಪ ಎಂದೇ ಇಟ್ಟುಕೊಳ್ಳುವುದು ವಾಸಿ.

ಭಾವ ಎಂದರೆ ಹುಡುಗಿಯ ಸೋದರತ್ತೆಯ ಗಂಡ. ಹೋಟೆಲ್ ಗೊತ್ತು ಮಾಡಿದ್ದು ಅವರು. ವಾರದ ನಡುವೆ ಹಾಲ್ ಹಿಡಿದರೆ ಬಾಡಿಗೆ ಕಡಿಮೆ ಎಂದು ಮೇ 8ರ ಸೋಮವಾರಕ್ಕೆ ಜನವರಿಯಲ್ಲೇ ಮುಂಗಡ ಕೊಟ್ಟು ಬಂದಿದ್ದರು. ವಿಧಾನಸಭೆಯ ಅವಧಿ ಮೇ 24ಕ್ಕೆ ಮುಗಿಯುತ್ತದೆ, ಅಷ್ಟರೊಳಗೆ ಚುನಾವಣೆ ಬಂದೇ ಬರುತ್ತದೆ, ಸ್ವಲ್ಪ ತಡೆಯಿರಿ ಎಂದು ಚಿಕ್ಕಪ್ಪ ಆಗಲೇ ಹೇಳಿದ್ದ. “ಎಲೆಕ್ಷನ್ನಿಗೂ ಮದುವೆಗೂ ಏನೋ ಸಂಬಂಧ?” ಎಂದು ಭಾವ ಬಾಯಿ ಮುಚ್ಚಿಸಿದರು. ಮಾರ್ಚ್ 29ರಂದು ಚುನಾವಣಾ ಆಯೋಗ ದಿನಾಂಕ ಪ್ರಕಟಿಸಿತು: ಮತದಾನ ಮೇ 10, ಬುಧವಾರ. ಅಷ್ಟು ಹೊತ್ತಿಗೆ ಲಗ್ನಪತ್ರಿಕೆ ಹಂಚಿ ಆಗಿತ್ತು. “ನೋಡು, ಓಟು ಬುಧವಾರ, ನಮ್ಮ ಊಟ ಸೋಮವಾರ” ಎಂದು ಭಾವ ಗೆದ್ದ ಧಾಟಿಯಲ್ಲಿ ನಕ್ಕರು. ಹೋಟೆಲಿನ ಮ್ಯಾನೇಜರನ್ನು ಕೇಳಿದ್ದಕ್ಕೆ ಅವರೂ “ಮಂಗಳವಾರ, ಬುಧವಾರ ಬಂದ್ ಇರುತ್ತೆ ಸರ್, ಸೋಮವಾರ ಏನೂ ತೊಂದರೆ ಇಲ್ಲ” ಎಂದರು.

ಇನ್ನು ಆಯ್ಕೆಯ ವಿಚಾರ. ಊರಿನ ಅಂಗಡಿಯ ಬೋರ್ಡಿನಲ್ಲಿ ‘ವೈನ್ಸ್’ ಎಂದು ದೊಡ್ಡದಾಗಿ ಬರೆದಿದ್ದರೂ ಒಳಗಿನ ಕಪಾಟಿನ ತುಂಬ ಕ್ವಾರ್ಟರುಗಳು, ಮೂಲೆಯಲ್ಲಿ ಧೂಳು ಹಿಡಿದ ಒಂದೆರಡು ಸಿಹಿ ಪೋರ್ಟ್ ಬಾಟಲಿ. ರಕ್ತ ಹೆಚ್ಚುತ್ತದೆ ಎಂದು ಅದನ್ನು ಔಷಧಿಯ ಲೆಕ್ಕದಲ್ಲಿ ಕೊಳ್ಳುವವರು ನಮ್ಮ ಕಡೆ ಈಗಲೂ ಇದ್ದಾರೆ. ಇಂಥ ಅಗ್ಗದ ಸಿಹಿ ವೈನುಗಳಿಗೆ ಕರ್ನಾಟಕದಲ್ಲಿ ಹೆಚ್ಚಾಗಿ ಬಳಕೆಯಾಗುವುದು ಬೆಂಗಳೂರು ಬ್ಲೂ ದ್ರಾಕ್ಷಿ. ಊಟದ ವೈನಿನ ಕಥೆ ಬೇರೆ. ಕನ್ವಲ್ ಗ್ರೋವರ್ 1988ರಲ್ಲಿ ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದಲ್ಲಿ ಫ್ರೆಂಚ್ ತಳಿಯ ದ್ರಾಕ್ಷಿ ಇಟ್ಟುಕೊಂಡು ಕಂಪನಿ ಕಟ್ಟಿದರು. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದು ವೈನ್ ಮಂಡಳಿ ಸ್ಥಾಪಿಸಿತು. ಹಂಪಿ ಸೀಮೆಯಲ್ಲಿ ಕೃಷ್ಮಾ ತೋಟ ಎದ್ದಿತು. ಮಹಾರಾಷ್ಟ್ರದ ಸುಲಾ ಕಂಪನಿ ಚನ್ನಪಟ್ಟಣಕ್ಕೂ ಬಂತು. ಆದರೆ ಟೋಸ್ಟಿಗೆ ಬೇಕಾದ ನೊರೆಯ ವೈನಿಗೆ ನಾಸಿಕ್ಕೇ ಗತಿ: ಸುಲಾ, ಜಂಪಾ ಅಲ್ಲಿಯವು, ಫ್ರಾನ್ಸಿನ ಮೊಯೆ ಹೆನ್ನೆಸಿಯ ಶಾಂಡಾನ್ ತಯಾರಾಗುವುದೂ ಅಲ್ಲಿನ ದಿಂಡೋರಿಯಲ್ಲಿ.

ಇವನ್ನೆಲ್ಲ ಶಾಂಪೇನ್ ಎನ್ನುವಂತಿಲ್ಲ. ಆ ಹೆಸರು ಫ್ರಾನ್ಸಿನ ಶಾಂಪೇನ್ ಪ್ರಾಂತದ್ದಕ್ಕೆ ಮಾತ್ರ ಸಲ್ಲುತ್ತದೆ. ಅಸಲಿಯೇ ಬೇಕು ಎಂದು ಭಾವ ಹಟ ಹಿಡಿದಿದ್ದರು. ವಿದೇಶಿ ವೈನಿನ ಮೇಲೆ ಆಗ ಇದ್ದ ಆಮದು ಸುಂಕ ಶೇ. 150, ಅದರ ಮೇಲೆ ರಾಜ್ಯದ ತೆರಿಗೆ ಎಂದು ಚಿಕ್ಕಪ್ಪ ಹೇಳಿದ ಮೇಲೆ ಸುಮ್ಮನಾದರು. ಹಾಗಾದರೆ ಗೋವಾದಿಂದ ಕಾರಿನಲ್ಲಿ ತರಿಸೋಣ ಎಂಬುದು ಅವರ ಮುಂದಿನ ಸಲಹೆ. ಪರ್ಮಿಟ್ ಇಲ್ಲದೆ ಹೊರರಾಜ್ಯದ ಮದ್ಯ ತರುವುದೇ ಅಪರಾಧ, ಅದರಲ್ಲೂ ನೀತಿಸಂಹಿತೆ ಜಾರಿಯಾಗಿ ರಸ್ತೆ ರಸ್ತೆಗೂ ಚೆಕ್‌ಪೋಸ್ಟ್ ಬಿದ್ದಿದ್ದ ದಿನಗಳಲ್ಲಿ! ಕೊನೆಗೆ ಹೋಟೆಲಿನ ಬಾರಿನ ಮೂಲಕವೇ ತರಿಸುವುದೆಂದಾಯಿತು. ಬಾರುಗಳಿಗೆ ಸರಕು ಬರುವುದು ರಾಜ್ಯ ಪಾನೀಯ ನಿಗಮದ ಡಿಪೋದಿಂದ. ಆದ್ದರಿಂದ ಬೇಕಾದ್ದು ಸಿಗಲು ವಾರಗಟ್ಟಲೆ ಮುಂಚೆ ಹೇಳಿಡಬೇಕು.

ರುಚಿ ನೋಡಿದ್ದು ತೋಟದ ಮನೆಯಲ್ಲಿ, ದೊಡ್ಡವ್ವನ ಕಿವಿಗೆ ಬೀಳದ ಹಾಗೆ. ಎದುರಿಗೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ದಪ್ಪನೆಯ ಕೆಂಪು ವೈನನ್ನು ಎಣ್ಣೆಗಾಯಿ ಜೊತೆ ಕುಡಿದರೆ ಖಾರ ಇಮ್ಮಡಿಯಾಗಿ ನಾಲಿಗೆ ಉರಿಯಿತು. ಆಲ್ಕೋಹಾಲ್ ಮತ್ತು ಒಗರು ಎರಡೂ ಮೆಣಸಿನ ಉರಿಯನ್ನು ಕೆದಕುತ್ತವೆ. ತುಸು ಸಿಹಿ ಉಳಿಸಿರುವ, ಚೆನ್ನಾಗಿ ತಣಿಸಿದ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ಅದೇ ಖಾರವನ್ನು ಇಳಿಸಿತು. ಬಜ್ಜಿಗೆ ಸರಿಹೊಂದಿದ್ದು ನೊರೆಯ ವೈನ್. ಅದರ ಹುಳಿ, ಗುಳ್ಳೆ ಎಣ್ಣೆಯ ಜಿಡ್ಡನ್ನು ತೊಳೆದುಕೊಂಡು ಹೋಗುತ್ತವೆ. ಹೋಳಿಗೆ ತಿಂದು ಅದೇ ‘ಬ್ರೂಟ್’ ನೊರೆಯ ವೈನನ್ನು ಬಾಯಿಗಿಟ್ಟ ಅಕ್ಕ ಮಾತ್ರ “ಹುಣಸೆ ನೀರು ಇದ್ದಂಗದೆ” ಎಂದು ಉಗುಳಿದಳು. ಅವಳ ಮಾತು ಸರಿ. ಊಟದ ಸಿಹಿಗಿಂತ ವೈನಿನ ಸಿಹಿ ಕಡಿಮೆಯಾದರೆ ವೈನ್ ಬರೀ ಹುಳಿಯಾಗುತ್ತದೆ. ಲೇಬಲ್ಲು ನಂಬಿದರೆ ಇಲ್ಲೊಂದು ಮೋಸವಿದೆ: ಬ್ರೂಟ್ ಎಂದರೆ ಲೀಟರಿಗೆ 12 ಗ್ರಾಂವರೆಗೆ ಸಕ್ಕರೆ, ಎಕ್ಸ್‌ಟ್ರಾ ಡ್ರೈ ಎಂದರೆ 12ರಿಂದ 17 ಗ್ರಾಂ. ಹೆಸರಿಗೆ ಡ್ರೈ, ಸಿಹಿ ಬ್ರೂಟ್‌ಗಿಂತ ಜಾಸ್ತಿ. ಹೋಳಿಗೆ ಜೊತೆಗೆ ಡೆಮಿ ಸೆಕ್ ಬೇಕು, ಅದರಲ್ಲಿ 32ರಿಂದ 50 ಗ್ರಾಂ ಇರುತ್ತದೆ. ಹೀಗೆ ಟೋಸ್ಟಿಗೆ ಬ್ರೂಟ್, ಊಟಕ್ಕೆ ಶೆನಿನ್ ಬ್ಲಾಂಕ್, ಹುಡುಗನ ಕಡೆಯವರ ಬಫಾತ್ ಎಂಬ ಮಾಂಸದ ಅಡುಗೆಗೆ ಹಗುರವಾದ ಕೆಂಪು ವೈನ್ ಎಂದು ಪಟ್ಟಿ ಮಾಡಿದ ಚಿಕ್ಕಪ್ಪನ ಆಯ್ಕೆಯಲ್ಲಿ ಇವತ್ತಿಗೂ ಯಾರೂ ಹುಳುಕು ತೆಗೆದಿಲ್ಲ.

ಸೋಮವಾರ ಮಧ್ಯಾಹ್ನ ಶಿವಮೊಗ್ಗದಲ್ಲಿ ಬಿಸಿಲು ಸುರಿಯುತ್ತಿತ್ತು. ಹೋಟೆಲಿನ ಫ್ರಿಜ್ಜಿನಲ್ಲಿ ಜಾಗ ಸಾಲದೆ ಪ್ಲಾಸ್ಟಿಕ್ ಟಬ್ಬುಗಳಿಗೆ ಐಸು, ನೀರು, ಒಂದೊಂದು ಹಿಡಿ ಕಲ್ಲುಪ್ಪು ಹಾಕಿ ಬಾಟಲಿ ಮುಳುಗಿಸಿಟ್ಟಿದ್ದರು. ಬರೀ ಐಸಿಗಿಂತ ಇದರಲ್ಲಿ ಬೇಗ ತಣಿಯುತ್ತದೆ. ನಾಲ್ಕು ಗಂಟೆಯ ಹೊತ್ತಿಗೆ ಅಬಕಾರಿ ಇಲಾಖೆಯ ಸಿಬ್ಬಂದಿಯೊಬ್ಬರು ಅರಗು, ದಾರ, ಮೊಹರು ಹಿಡಿದು ಬಾರಿನ ಬಾಗಿಲಿಗೆ ಬಂದು, “ಆರಕ್ಕೆ ಸೀಲ್ ಮಾಡ್ತೀವಿ, ಸ್ಟಾಕ್ ಪುಸ್ತಕ ರೆಡಿ ಇಟ್ಕೊಳ್ಳಿ” ಎಂದರು. ಮತದಾನ ಮುಗಿಯುವುದು ಬುಧವಾರ ಸಂಜೆ ಆರಕ್ಕೆ. ಅಲ್ಲಿಂದ 48 ಗಂಟೆ ಹಿಂದಕ್ಕೆ ಎಣಿಸಿದರೆ ಸೋಮವಾರ ಸಂಜೆ ಆರು. ಊಟ ಇದ್ದದ್ದು ಏಳೂವರೆಗೆ.

ಮ್ಯಾನೇಜರ್ ಮುಖ ಬೇರೆ ಕಡೆ ತಿರುಗಿಸಿದರು. ಭಾವ ಸೋಲಲಿಲ್ಲ. “ನಾವೇನು ಮಾರ್ತಿಲ್ಲ ಸ್ವಾಮಿ. ದುಡ್ಡು ಕೊಟ್ಟು ತಗೊಂಡಾಗಿದೆ, ನಮ್ಮ ಬೀಗರಿಗೆ ಸುಮ್ನೆ ಕೊಡ್ತೀವಿ, ಅಷ್ಟೇ.”

“ಕೊಡೋ ಹಂಗೂ ಇಲ್ಲ ಸರ್.”

ಅವರು ಹೇಳಿದ್ದು ಅಕ್ಷರಶಃ ಕಾನೂನು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 135ಸಿ ಕಲಮಿನ ಪ್ರಕಾರ ಆ 48 ಗಂಟೆಗಳಲ್ಲಿ ಮತದಾನ ನಡೆಯುವ ಪ್ರದೇಶದೊಳಗೆ ಮದ್ಯವನ್ನು ಮಾರುವಂತಿಲ್ಲ, ಕೊಡುವಂತಿಲ್ಲ, ಹಂಚುವಂತಿಲ್ಲ. ಜಾಗ ಸಾರ್ವಜನಿಕವಿರಲಿ, ಖಾಸಗಿಯಿರಲಿ. ತಪ್ಪಿದರೆ ಆರು ತಿಂಗಳವರೆಗೆ ಜೈಲು ಅಥವಾ 2000 ರೂಪಾಯಿವರೆಗೆ ದಂಡ ಅಥವಾ ಎರಡೂ. ಹಾಲ್ ಬಿಟ್ಟು ಬೀಗರ ಮನೆಯ ತಾರಸಿಗೆ ಹೋಗೋಣ ಎಂದ ಭಾವನ ಎರಡನೇ ಉಪಾಯವೂ ಅಲ್ಲಿಗೇ ಬಿತ್ತು.

ಉಳಿದದ್ದು ಒಂದೇ ದಾರಿ, ಆರರೊಳಗೆ ಟೋಸ್ಟ್ ಮುಗಿಸುವುದು. ಹುಡುಗಿ ಆಗಿನ್ನೂ ಬ್ಯೂಟಿ ಪಾರ್ಲರಿನಲ್ಲಿ, ಒಂದು ಕಣ್ಣಿಗೆ ಕಾಡಿಗೆ ಆಗಿ ಇನ್ನೊಂದು ಬಾಕಿ. ಹುಡುಗ ಬೆಳಗಿನ ದಣಿವಿಗೆ ಮಲಗಿದ್ದ. ಟೋಸ್ಟ್ ಎತ್ತಬೇಕಾದ ಅವನ ಗಾಡ್‌ಫಾದರ್ ಮಂಗಳೂರಿನಿಂದ ಹೊರಟು ಆಗುಂಬೆ ಘಾಟಿ ಹತ್ತಿ ಆಗಷ್ಟೇ ತೀರ್ಥಹಳ್ಳಿ ಬಿಟ್ಟಿದ್ದರು. ನ್ಯಾಮತಿಯಿಂದ ಹೊರಟ ನೆಂಟರ ಬಸ್ಸು ಇನ್ನೂ ಸವಳಂಗದ ಹತ್ತಿರ. ಕೇಕು ಬೇಕರಿಯಲ್ಲಿ. ಚಿಕ್ಕಪ್ಪ ಒಂದು ಕಿವಿಗೆ ಒಂದು ಫೋನು ಹಿಡಿದು ಎಲ್ಲರನ್ನೂ ಕೂಗಿ ಕರೆಯುತ್ತಿದ್ದರೆ, ಭಾವ ಗ್ಲಾಸಿನ ತಕರಾರು ತೆಗೆದರು. ಉದ್ದ ಕಾಲಿನ ಫ್ಲೂಟ್ ಗ್ಲಾಸು ಬಾಡಿಗೆಗೆ ಕೊಡುವವನು ಆರೂವರೆಗೆ ಬರುವವನಿದ್ದ. ಜ್ಯೂಸ್ ಗ್ಲಾಸಿನಲ್ಲೇ ಆಗಲಿ ಎಂದು ಚಿಕ್ಕಪ್ಪ ಗದರಿಸಬೇಕಾಯಿತು. ಐದೂ ಇಪ್ಪತ್ತಕ್ಕೆ ಹುಡುಗಿ ಬಂದಳು. ಐದೂವರೆ ದಾಟಿದ ಮೇಲೆ ಗಾಡ್‌ಫಾದರ್ ಕಾರಿಳಿದರು. ಘಾಟಿಯ ತಿರುವಿಗೆ ಅವರ ಹೊಟ್ಟೆ ತೊಳಸಿ ಮುಖ ಬಿಳಿಚಿತ್ತು. ಆದರೂ ಹುಡುಗ ಬಾಲವಾಡಿಗೆ ಹೋಗುತ್ತಿದ್ದ ಕಾಲದಿಂದ ಭಾಷಣ ಶುರುಮಾಡಿದರು. ಅವನು ಹೈಸ್ಕೂಲು ಮುಟ್ಟುವ ಹೊತ್ತಿಗೆ ಗಡಿಯಾರ ಐದೂ ಐವತ್ತು ತೋರಿಸುತ್ತಿತ್ತು, ಬಾಗಿಲ ಹತ್ತಿರ ಅರಗಿನವರು ಮೇಣದಬತ್ತಿ ಹಚ್ಚಿಕೊಂಡು ನಿಂತಿದ್ದರು.

ಬಾಟಲಿ ಬಿಚ್ಚುವ ಗೌರವವನ್ನು ಭಾವ ತಾವೇ ವಹಿಸಿಕೊಂಡರು. ನೊರೆಯ ವೈನಿನ ಬಾಟಲಿಯೊಳಗೆ ಸುಮಾರು ಆರು ವಾತಾವರಣದಷ್ಟು ಒತ್ತಡವಿರುತ್ತದೆ, ಕಾರಿನ ಚಕ್ರದಲ್ಲಿರುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಕಾರ್ಕಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ತಂತಿಯ ಕೊಂಡಿಯನ್ನು ಆರು ಸಲ ಅರ್ಧರ್ಧ ಸುತ್ತು ತಿರುಗಿಸಿ ಸಡಿಲಿಸಬೇಕು. ಆಮೇಲೆ ಬಾಟಲಿಯನ್ನು ಓರೆಯಾಗಿ ಹಿಡಿದು ಕಾರ್ಕನ್ನು ಬಿಗಿಯಾಗಿ ಹಿಡಿದೇ ಬಾಟಲಿಯನ್ನು ತಿರುಗಿಸಬೇಕು. ಬುಸ್ಸೆಂದು ಸಣ್ಣಗೆ ಗಾಳಿ ಬಿಟ್ಟುಕೊಂಡರೆ ಕೆಲಸ ಸರಿಯಾಯಿತು. ಭಾವ ಸಿನಿಮಾದಲ್ಲಿ ನೋಡಿದ ಹಾಗೆ ಅಲುಗಾಡಿಸಿ ಬಿಚ್ಚಿದರು. ಕಾರ್ಕು ವೇದಿಕೆಯ ಥರ್ಮೋಕೋಲ್ ಅಕ್ಷರವೊಂದನ್ನು ಉರುಳಿಸಿತು, ಅರ್ಧ ಬಾಟಲಿ ಕಾರ್ಪೆಟ್ಟಿನ ಪಾಲಾಯಿತು. ಉಳಿದ ಬಾಟಲಿಗಳನ್ನು ಚಿಕ್ಕಪ್ಪ ಕಸಿದುಕೊಂಡು ಬಿಚ್ಚಿದ. ಸೇರಿದ್ದಷ್ಟು ಜನರ ಗ್ಲಾಸಿಗೆ ಎರಡೆರಡು ಗುಟುಕು ಬಿತ್ತು, ಟೋಸ್ಟ್ ಆಯಿತು, ಬಾಗಿಲಿಗೆ ಅರಗೂ ಬಿತ್ತು.

ಶೆನಿನ್ ಬ್ಲಾಂಕ್, ಕೆಂಪು ವೈನ್ ಎರಡೂ ಬಾರಿನೊಳಗೇ ಉಳಿದವು. ಏಳೂವರೆಗೆ ಬಂದವರಿಗೆ ದ್ರಾಕ್ಷಿ ಜ್ಯೂಸು, ನಿಂಬೆ ಸೋಡಾ. ನ್ಯಾಮತಿಯ ಬಸ್ಸಿನಿಂದ ಇಳಿದವರಿಗೆ ಅದರಿಂದ ಏನೂ ಬೇಸರವಾಗಲಿಲ್ಲ. ಮಿರ್ಚಿ ಮಂಡಕ್ಕಿ ಕೌಂಟರಿನ ಮುಂದೆ ಸಾಲು ಕರಗಲೇ ಇಲ್ಲ. ಬಿಚ್ಚದ ಬಾಟಲಿಗಳಿಗೂ ಹೋಟೆಲಿನವರು ಬಿಲ್ ಹಾಕಿದರು. “ಆರ್ಡರ್ ನಿಮ್ಮದೇ ಅಲ್ವಾ ಸರ್” ಎಂದು ಸೋಮವಾರಕ್ಕೆ ತೊಂದರೆ ಇಲ್ಲ ಎಂದಿದ್ದ ಅದೇ ಮ್ಯಾನೇಜರ್ ಹೇಳಿದಾಗ ಚಿಕ್ಕಪ್ಪ ಕೈ ಎತ್ತದೇ ಇದ್ದದ್ದು ಹುಡುಗಿಯ ಮುಖ ನೋಡಿ.

ಹೀಗೇ ಮದುವೆ ಮಾಡಲಿರುವವರಿಗೆ ಒಂದೆರಡು ಮಾತು. 750 ಮಿ.ಲೀ. ಬಾಟಲಿಯಿಂದ ಊಟದ ವೈನ್ ಐದು ಗ್ಲಾಸು ಬರುತ್ತದೆ, ಟೋಸ್ಟಿಗೆ ನೂರು ಮಿ.ಲೀ.ಯಂತೆ ಸುರಿದರೆ ಏಳು. ಮೇ ತಿಂಗಳಲ್ಲಿ ಬಾಟಲಿಯನ್ನು ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಬಾರ್ ಲೈಸೆನ್ಸ್ ಇಲ್ಲದ ಮಂಟಪದಲ್ಲಿ ವೈನ್ ಕೊಡುವುದಾದರೆ ಅಬಕಾರಿ ಇಲಾಖೆಯಿಂದ ಸಿಎಲ್-5 ಎಂಬ ಸಾಂದರ್ಭಿಕ ಪರವಾನಗಿ ಮೊದಲೇ ಪಡೆಯಬೇಕು. ಬಳಸದ ಬಾಟಲಿ ವಾಪಸ್ ಪಡೆಯುವ ಷರತ್ತನ್ನು ಹೋಟೆಲಿನವರಿಂದ ಬರಹದಲ್ಲಿ ತೆಗೆದುಕೊಳ್ಳಿ, ಬಾಯಿಮಾತು ಬೇಡ. ಪಾನನಿಷೇಧದ ದಿನ, ಗಂಟೆಯನ್ನು ಅಬಕಾರಿ ಕಚೇರಿಯಲ್ಲೇ ಕೇಳಿ. ಮ್ಯಾನೇಜರನ್ನೂ ಕೇಳಬೇಡಿ, ಭಾವನನ್ನೂ ಕೇಳಬೇಡಿ.

ಓಟು ಮುಗಿದ ಮೇಲೆ ಶನಿವಾರಕ್ಕೆ ಊಟ ಇಟ್ಟುಕೊಂಡಿದ್ದರೆ ಆಗುತ್ತಿತ್ತಲ್ಲ ಎಂದು ಭಾವ ಈಗಲೂ ವಾದಿಸುತ್ತಾರೆ. ಆ ಶನಿವಾರ ಮೇ 13, ಮತ ಎಣಿಕೆಯ ದಿನ. ಅವತ್ತೂ ಬಾರ್ ಬಂದ್ ಇತ್ತು.