ರೊಟ್ಟಿ ಎಣಿಸೋಣ, ಗದಗ ಓದೋಣ



ನಮಗೆ ಈಗ ಓದಲು ಬರುತ್ತದೆ. ಹೆಸರು ಬರೆಯಲು ಬರುತ್ತದೆ. ಹೆಬ್ಬೆಟ್ಟು ಒತ್ತುವುದು ತಪ್ಪಿತು. ಆದರೂ ಒಂದು ಅಂಜಿಕೆ ಉಳಿದಿದೆ. "ನಾವ ಅಕ್ಷರ ಕೂಡಿಸಿಕೋಂತ ಓದ್ತೀವಿ. ಮಕ್ಕಳಿಗೆ ಏನ ಕಲಸೂದು? ಸಾಲ್ಯಾಗ ಮಾಸ್ತರು ಕಲಸ್ತಾರ ಬಿಡ್ರಿ" ಎನ್ನುತ್ತೇವೆ.

ಹಾಗೆ ಬಿಡುವುದು ಬೇಡ. ಅಕ್ಷರ ಇಲ್ಲದ ಕಷ್ಟ ನಮಗೆ ಗೊತ್ತು. ಬಸ್ಸು ಬಂದರೆ ಮಂದಿಯನ್ನು ಕೇಳುತ್ತಿದ್ದೆವು. ಕೂಲಿಯ ಲೆಕ್ಕ ತಪ್ಪಿದರೂ ಬಾಯಿ ಮುಚ್ಚಿಕೊಂಡು ಬರುತ್ತಿದ್ದೆವು. ನಮ್ಮ ಮಕ್ಕಳಿಗೆ ಆ ಪಾಡು ಬರಬಾರದು. ನಮಗೆ ಬಂದಷ್ಟನ್ನು ಇಂದೇ ಕಲಿಸೋಣ.

ಅಕ್ಷರ ಕಲಿಸುವುದು

ನಮ್ಮ ಹುಲಕೋಟಿ ಗದಗ-ಹುಬ್ಬಳ್ಳಿ ದಾರಿಯಲ್ಲಿದೆ. ಗದಗಿಗೆ ಹೋಗುವ ಬಸ್ಸಿನ ಬೋರ್ಡನ್ನು ಮಗುವಿಗೆ ತೋರಿಸಿ. "ಗದಗ." ಇದರಲ್ಲಿ ಇರುವುದು ಎರಡೇ ಅಕ್ಷರ, ಗ ಮತ್ತು ದ. ಕೊಂಬಿಲ್ಲ, ಒತ್ತಿಲ್ಲ. ಎಡದಿಂದ ಓದಿದರೂ ಗದಗ, ಬಲದಿಂದ ಓದಿದರೂ ಗದಗ! ಮೊದಲ ಪಾಠಕ್ಕೆ ಇದೇ ಸಾಕು.

ಮೊದಲು ಸಪ್ಪಳ ಕೇಳಿಸಿ. "ಗ ಅಂದ್ರ ಗಡಿಗಿ. ದ ಅಂದ್ರ ದನ. ಇನ್ನೊಂದು ನೀ ಹೇಳು ನೋಡೂಣು" ಎನ್ನಿ. ಆಮೇಲೆ ಮರಳಿನಲ್ಲಿ ಬೆರಳಿನಿಂದ ಗ ಬರೆಯಲಿ.

ಸರಕಾರಿ ಶಾಲೆಗಳ ನಲಿ-ಕಲಿ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಯಿತು. ಅದರಲ್ಲೂ ಮೊದಲು ಕಲಿಸುವುದು ರ, ಗ, ಸ, ದ, ಅ. ಈ ಐದೇ ಅಕ್ಷರಗಳಿಂದ ಸರ, ದರ, ರಸ, ಅರಸ, ಅಗಸ, ಗರಗಸ ಆಗುತ್ತವೆ. ನೀವೂ ಮಗುವಿನ ಜೊತೆ ಕೂಡಿಸಿ ಓದಿ. ನಿಧಾನವಾಗಿ ಓದಿದರೆ ನಾಚಿಕೆ ಬೇಡ. ಮಗುವೂ ನಿಧಾನವಾಗಿಯೇ ಕಲಿಯುತ್ತದೆ.

ಲೆಕ್ಕ ಕಲಿಸುವುದು

ಊಟದ ಹೊತ್ತಿಗೆ ಮಗುವನ್ನು ಕರೆಯಿರಿ. "ತಾಟಿಗೊಂದು ರೊಟ್ಟಿ ಇಡು" ಎನ್ನಿ. ಐದು ತಾಟು, ಐದು ರೊಟ್ಟಿ. "ಅಪ್ಪ ಒಂದು ತಿಂದ್ರ ಎಷ್ಟು ಉಳೀತಾವ?" ನಾಲ್ಕು. ಕಳೆಯುವ ಲೆಕ್ಕ ಬಂತು. ಎಲ್ಲರೂ ಉಂಡ ಮೇಲೆ ಬುಟ್ಟಿಯಲ್ಲಿ ಏನೂ ಇಲ್ಲ. ಅದೇ ಸೊನ್ನೆ.

ಇಪ್ಪತ್ತರ ತನಕ ಬಾಯಿಪಾಠ ಹೇಳಿದ ಮಾತ್ರಕ್ಕೆ ಎಣಿಸಲು ಬಂತು ಎಂದಲ್ಲ. ಒಂದೊಂದನ್ನು ಮುಟ್ಟಿ ಎಣಿಸಬೇಕು. ಕೊನೆಗೆ "ಒಟ್ಟು ಎಷ್ಟು?" ಎಂದು ಕೇಳಬೇಕು.

ಮಗುವಿಗೆ ಹತ್ತರ ತನಕ ಬಂದ ಮೇಲೆ ಹತ್ತಿಕಟ್ಟಿಗೆಯ ಸಣ್ಣ ಕಡ್ಡಿ ತನ್ನಿ. 10 ಕಡ್ಡಿಗೆ ದಾರ ಸುತ್ತಿದರೆ ಒಂದು ಕಟ್ಟು. ಎರಡು ಕಟ್ಟು, ಮೂರು ಬಿಡಿ ಕಡ್ಡಿ ಇಟ್ಟರೆ 23. ಮೂರು ಕಟ್ಟು, ಎರಡು ಬಿಡಿ ಕಡ್ಡಿ ಇಟ್ಟರೆ 32. ಅಂಕಿ ಅವೇ, ಜಾಗ ಬೇರೆ. ಜಾಗ ಬದಲಾದರೆ ಬೆಲೆಯೂ ಬದಲು. ಇದು ತಿಳಿದವರಿಗೆ ಕೂಲಿಯ ಚೀಟಿಯಲ್ಲಿ 320 ಇರುವ ಕಡೆ 230 ಬರೆದರೆ ಕೂಡಲೇ ಗೊತ್ತಾಗುತ್ತದೆ.

ನೆನಪಿಡೋಣ

ದಿನಕ್ಕೆ ಹತ್ತು ನಿಮಿಷ ಸಾಕು. ತಪ್ಪಿದರೆ ಬೈಯುವುದು, ಹೊಡೆಯುವುದು ಬೇಡ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಶೇಂಗಾ, ಹುಣಸೆ ಬೀಜ ಕೊಡಬೇಡಿ. ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನಮಗೆ ತಿಳಿಯದ್ದನ್ನು ಅಂಗನವಾಡಿ ಅಕ್ಕನಿಗೆ ಕೇಳೋಣ. "ಹುಡುಗ ಓದ್ಲಿ, ಹುಡುಗಿ ಕಸಾ ಹೊಡೀಲಿ" ಎನ್ನುವುದು ಬೇಡ. ಹಾಗೆ ಅಂದದ್ದಕ್ಕೇ ನಮ್ಮಲ್ಲಿ ಎಷ್ಟೋ ಮಂದಿ ಶಾಲೆ ಕಾಣಲಿಲ್ಲ. ಮಗ, ಮಗಳು ಇಬ್ಬರನ್ನೂ ಪಕ್ಕಕ್ಕೆ ಕೂಡಿಸಿಕೊಳ್ಳೋಣ.

ಮಾಡಿ ನೋಡಿ

1. ಮಗುವಿನ ಹೆಸರನ್ನು ನೀವೇ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ.
2. ರ, ಗ, ಸ, ದ, ಅ ಬಳಸಿ ಇನ್ನೊಂದು ಪದ ಕಟ್ಟಿ.
3. ಕಡ್ಡಿಗಳಿಂದ 14 ಮತ್ತು 41 ಮಾಡಿ. ಯಾವುದು ದೊಡ್ಡದು? ಮಗುವೇ ಹೇಳಲಿ.