ಅಜ್ಜನ ಹೆಸರಿಗೆ ಬಂದ ಹರಾಜು ನೋಟಿಸು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತಾಲ್ಲೂಕು ಕಚೇರಿಗಳ ಆಸುಪಾಸಿನಲ್ಲಿ ಪತ್ರ ಬರೆದುಕೊಂಡೇ ಬದುಕಿದವನು ನಾನು. ಕ್ರಯಪತ್ರ, ಪಾಲುಪಟ್ಟಿ, ದಾನಪತ್ರ, ಖಾತೆ ಬದಲಾವಣೆ ಅರ್ಜಿ, ತಕರಾರು ಅರ್ಜಿ. ಛಾಪಾ ಕಾಗದದ ಕಾಲದಿಂದ ನೋಂದಣಿಯ ಕಾವೇರಿ ತಂತ್ರಾಂಶದ ಕಾಲದವರೆಗೆ ಇದೇ ಕಸುಬು. ತೆರಿಗೆ ಬಾಕಿಗೆ ಸ್ವತ್ತು ಹರಾಜು ಹಾಕುತ್ತೇವೆ ಎಂಬ ನೋಟಿಸನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಲ್ಲಿಟ್ಟುಕೊಂಡು ಬಂದವರು ಎದುರು ಕೂತು, ಎಷ್ಟು ಕಟ್ಟಬೇಕು ಎಂದು ಕೇಳುವುದು ಆಮೇಲೆ. ಮೊದಲ ಪ್ರಶ್ನೆ, "ಇದನ್ನ ಹಾಕ್ಸಿದ್ದು ಯಾರು ಮಾರಾಯ್ರೇ?" ದಾಯಾದಿಯೋ, ಬೇಲಿ ತಕರಾರಿನ ನೆರೆಯವನೋ, ಸೋತ ಪಂಚಾಯಿತಿ ಮೆಂಬರೋ, ಯಾರೋ ಒಬ್ಬ ಹಿಂದೆ ನಿಂತು ಮಾಡಿಸಿದ್ದಾನೆ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿರುವುದಿಲ್ಲ. ಕಂದಾಯ ಕಟ್ಟದೆ ವರ್ಷಗಳೇ ಆಗಿವೆ ಎಂಬುದು ಅವರ ಲೆಕ್ಕದಲ್ಲಿ ಒಂದು ಕಾರಣವೇ ಅಲ್ಲ.

ಬಹುಪಾಲು ಸಲ ಯಾರೂ ಹಾಕಿಸಿರುವುದಿಲ್ಲ. ಮಾರ್ಚ್ ಹತ್ತಿರ ಬಂದಾಗ ಮೇಲಿನವರು ಬೇಡಿಕೆ, ವಸೂಲಿ, ಬಾಕಿಯ ಪಟ್ಟಿ ಕೇಳುತ್ತಾರೆ. ಪಟ್ಟಿಯಲ್ಲಿ ಹಳೆ ಬಾಕಿಯ ಮನೆಗಳು ಎದ್ದು ಕಾಣುತ್ತವೆ. ನಮ್ಮ ಮೂರೂ ಊರುಗಳು ಪಟ್ಟಣ ಪಂಚಾಯಿತಿಗಳು. ಅಲ್ಲಿನ ಮನೆ ತೆರಿಗೆ 1964ರ ಪುರಸಭೆಗಳ ಕಾಯಿದೆಯಡಿ ಬರುತ್ತದೆ. ಊರು ದಾಟಿದರೆ ಗ್ರಾಮ ಪಂಚಾಯಿತಿ, ಅದಕ್ಕೆ 1993ರ ಪಂಚಾಯತ್ ರಾಜ್ ಕಾಯಿದೆ. ಎರಡರ ದಾರಿಯೂ ಹೆಚ್ಚುಕಮ್ಮಿ ಒಂದೇ. ಮೊದಲು ಬಿಲ್ಲು, ಆಮೇಲೆ ಬೇಡಿಕೆ ನೋಟಿಸು, ಅದಕ್ಕೂ ಬಗ್ಗದಿದ್ದರೆ ಚರಾಸ್ತಿ ಜಪ್ತಿಯ ವಾರಂಟು. ಅದರಿಂದಲೂ ವಸೂಲಾಗದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ. ಆಗ ಕಡತ ತಹಶೀಲ್ದಾರರ ಮೇಜಿಗೆ ಹೋಗುತ್ತದೆ, 1964ರ ಭೂಕಂದಾಯ ಕಾಯಿದೆ ಒಳಗೆ ಬರುತ್ತದೆ, ಮನೆ ಜಾಗವೇ ಜಪ್ತಿಯಾಗಿ ಹರಾಜು ಪ್ರಕಟಣೆ ಹೊರಡುತ್ತದೆ. ಅಂದರೆ ಪ್ರಕಟಣೆ ಬಾಗಿಲಿಗೆ ಅಂಟುವ ಮೊದಲು ಕಡೇಪಕ್ಷ ಎರಡು ಮೂರು ಕಾಗದ ಆ ಮನೆಗೆ ಬಂದಿರಲೇಬೇಕು. ಹೆಚ್ಚಿನ ಮನೆಗಳಲ್ಲಿ ಅವು ದೇವರ ಗೂಡಿನ ಪಕ್ಕ ಹಳೇ ಪಂಚಾಂಗದೊಳಗೆ ಭದ್ರವಾಗಿ ಸಿಕ್ಕಿವೆ.

ಜಪ್ತಿ ಎಂದಾಕ್ಷಣ ಅಡುಗೆ ಪಾತ್ರೆ ಹೊತ್ತೊಯ್ಯುತ್ತಾರೆ ಎಂದು ಹೆಂಗಸರು ಹೆದರುತ್ತಾರೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಉಳುವ ಎತ್ತು, ಕಸುಬಿನ ಹತಾರ, ಧರ್ಮದ ಕಟ್ಟಳೆಯಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಆಭರಣ, ಇವನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಜಪ್ತಿಯಿಂದ ಹೊರಗಿಟ್ಟಿದೆ. ಇದನ್ನು ಹೇಳಿದ ಮೇಲೆ ಎದುರಿನವರ ಉಸಿರಾಟ ಸರಾಗವಾಗುವುದನ್ನು ಕಂಡಿದ್ದೇನೆ.

ಹೆದರಬೇಕಾದ್ದು ದಂಡಕ್ಕೆ. ಪಟ್ಟಣದ ಸ್ವಯಂಘೋಷಿತ ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲಿ ಕಟ್ಟಿದರೆ ಶೇಕಡಾ 5 ರಿಯಾಯಿತಿ. ಜೂನ್ ದಾಟಿದರೆ ತಿಂಗಳಿಗೆ ಶೇಕಡಾ 2 ದಂಡ. ತಿಂಗಳಿಗೆ ಎರಡು ಎಂದರೆ ಕೇಳಲು ಹಗುರ, ವರ್ಷಕ್ಕೆ 24 ಆಯಿತು. ನಮ್ಮ ಸೊಸೈಟಿಯಲ್ಲಿ ಚಿನ್ನ ಅಡವಿಟ್ಟರೂ ಅಷ್ಟು ಬಡ್ಡಿ ಇಲ್ಲ. ಒಂದು ವರ್ಷದ 2,000 ರೂಪಾಯಿ ತೆರಿಗೆಯನ್ನು ಐದು ವರ್ಷ ಹಾಗೇ ಬಿಟ್ಟರೆ ದಂಡವೇ 2,400 ರೂಪಾಯಿ. ಅದು ಒಂದು ವರ್ಷದ ಬಾಬ್ತು ಮಾತ್ರ. ನಂತರದ ವರ್ಷಗಳದ್ದು ಅದರ ಮೇಲೆ ಸಾಲಾಗಿ ನಿಂತಿರುತ್ತದೆ.

ಹಾಗಾದರೆ ಸುಸ್ತಿದಾರರು ಯಾರು? ಹಳದಿ ಎಲೆ ರೋಗದಿಂದ ಅಡಕೆ ತೋಟ ಕಳೆದುಕೊಂಡವರು, ಈಚೆಗೆ ಎಲೆಚುಕ್ಕೆ ರೋಗಕ್ಕೆ ಸಿಕ್ಕವರು ಎಂದು ನೀವು ಎಣಿಸಬಹುದು. ನಾನೂ ಹಾಗೇ ಎಣಿಸಿದ್ದೆ. ಆದರೆ ನನ್ನ ಮೇಜಿಗೆ ಬಂದ ನೋಟಿಸುಗಳಲ್ಲಿ ಬಡವರ ಮನೆಯವು ಕಡಿಮೆ. ಬಡವನಿಗೆ ಪಂಚಾಯಿತಿಯಿಂದ ನಾಳೆ ಏನಾದರೊಂದು ಕಾಗದ ಬೇಕೇ ಬೇಕು. ಅವನು ಸಾಲ ಮಾಡಿಯಾದರೂ ರಸೀದಿ ಇಟ್ಟುಕೊಳ್ಳುತ್ತಾನೆ. ಬಾಕಿ ಬೆಳೆಯುವುದು ತೀರಿಹೋದವರ ಹೆಸರಿನ ಮನೆಗಳಲ್ಲಿ. ಖಾತೆ ಅಜ್ಜನ ಹೆಸರಿನಲ್ಲಿರುತ್ತದೆ. ಮಕ್ಕಳಲ್ಲಿ ಒಬ್ಬ ಊರಲ್ಲಿ, ಇಬ್ಬರು ಬೆಂಗಳೂರಲ್ಲಿ, ಮೊಮ್ಮಗ ಅಮೆರಿಕದಲ್ಲಿ. ನೋಟಿಸು ಅಜ್ಜನಿಗೆ ಬರುತ್ತದೆ. ಅದು ತನ್ನದು ಎಂದು ಯಾರಿಗೂ ಅನ್ನಿಸುವುದಿಲ್ಲ.

ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವುದು ಪೌತಿ ಖಾತೆ. ಅದನ್ನು ಯಾಕೆ ಮಾಡಿಸಿಲ್ಲ ಎಂದು ಕೇಳಿದರೆ ಪುರುಸೊತ್ತಿಲ್ಲ, ಕಚೇರಿಗೆ ಅಲೆದು ಸಾಕಾಯಿತು ಎಂಬ ಉತ್ತರ ಬರುತ್ತದೆ. ಇನ್ನೂ ಸ್ವಲ್ಪ ಹೊತ್ತು ಕೂತರೆ ನಿಜ ಬಾಯಿಗೆ ಬರುತ್ತದೆ. ಅರ್ಜಿಯ ಜೊತೆ ವಂಶವೃಕ್ಷ ಕೊಡಬೇಕು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬರೆಯಬೇಕು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ಮೇಲಂತೂ ಮದುವೆ ಮಾಡಿ ಕಳಿಸಿದ್ದೇವೆ ಎಂಬ ಮಾತು ನಡೆಯುವುದಿಲ್ಲ. ಹೆಸರು ಬರೆದರೆ ನಾಳೆ ಅಕ್ಕ, ತಂಗಿ, ಅವರ ಮಕ್ಕಳು ಪಾಲು ಕೇಳಿಯಾರು. ಆದ್ದರಿಂದ ಖಾತೆ ಅಜ್ಜನ ಹೆಸರಲ್ಲೇ ತಣ್ಣಗೆ ಇರಲಿ. ತೆರಿಗೆ ಬಾಕಿ ಎಂದು ಕಚೇರಿ ಯಾವುದನ್ನು ಬರೆದುಕೊಳ್ಳುತ್ತದೋ ಅದರ ತಳದಲ್ಲಿ ಆಗದೆ ಉಳಿದ ಪಾಲು ಇರುತ್ತದೆ. ಈ ಕಸುಬಿನಲ್ಲಿ ನಾನು ಕಲಿತ ಮುಖ್ಯ ಪಾಠ ಇದು. ಹಾಗಾಗಿ ಹರಾಜು ನೋಟಿಸು ಹಿಡಿದು ಬಂದವರನ್ನು ಈಗ ನಾನು ಮೊದಲು ಕೇಳುವುದು, "ನಿಮಗೆ ಅಕ್ಕ ತಂಗಿಯರು ಎಷ್ಟು ಜನ?"

ಕೊಪ್ಪ ಸೀಮೆಯ ಒಂದು ಹೆಂಚಿನ ಮನೆಯ ಹರಾಜಿಗೆ ನಾನೇ ಹೋಗಿದ್ದೆ. ಅಣ್ಣತಮ್ಮಂದಿರಲ್ಲಿ ಯಾರು ಕಟ್ಟಬೇಕು ಎಂದು ವರ್ಷಗಟ್ಟಲೆ ಫೋನಿನಲ್ಲೇ ಜಗಳವಾಗಿತ್ತು. ಪಕ್ಕದ ಮನೆಯಿಂದ ತಂದ ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ, ಕಡತದ ಮೇಲೆ ಗಾಳಿಗೆ ಹಾರದಂತೆ ಒಂದು ಅಡಕೆ ಕತ್ತರಿ. ಗುಮಾಸ್ತರು ಪ್ರಕಟಣೆ ಓದಿದರು. ಸುತ್ತ ನಿಂತವರು ಓದುವುದನ್ನು ಬಿಟ್ಟು ಅಂಗಳದ ಪಾಚಿ ನೋಡುತ್ತಿದ್ದರು. ಅಷ್ಟರಲ್ಲಿ ತೀರ್ಥಹಳ್ಳಿ ಕಡೆಗೆ ಕೊಟ್ಟಿದ್ದ ಮಗಳು ಬಸ್ಸಿಳಿದು ಬಂದರು. ವಯಸ್ಸಾದವರು. ದುಡ್ಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದರು. ಬಾಕಿ, ದಂಡ, ಹರಾಜಿನ ಖರ್ಚು ಎಲ್ಲ ಎಣಿಸಿ ಮೇಜಿನ ಮೇಲಿಟ್ಟು, "ರಸೀದೀಲಿ ನನ್ನ ಹೆಸ್ರು ಬರೀಬೇಕು" ಎಂದರು. ರಸೀದಿ ಖಾತೆದಾರನ ಹೆಸರಿಗೇ ಆಗುವುದು ಎಂದರು ಗುಮಾಸ್ತರು. ಆಕೆ ದುಡ್ಡಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಕೊನೆಗೆ ಅವರ ಅಪ್ಪನ ಹೆಸರಿನ ಕೆಳಗೆ 'ಮಾರ್ಫತ್' ಎಂದು ಹಾಕಿ ಆಕೆಯ ಹೆಸರು ಬರೆದರು. ಸವಾಲು ಮುಗಿಯುವ ಮೊದಲು ಬಾಕಿ ಮತ್ತು ಖರ್ಚು ಕಟ್ಟಿದರೆ ಹರಾಜು ನಿಲ್ಲಿಸಲೇಬೇಕು, ನಿಂತಿತು.

ಆ 'ಮಾರ್ಫತ್' ಎಂಬ ಒಂದು ಸಾಲಿಗೆ ಎಷ್ಟು ಬೆಲೆ ಎಂಬುದು ಆಮೇಲೆ ಪಾಲಿನ ಮಾತುಕತೆಯಲ್ಲಿ ಗೊತ್ತಾಯಿತು. ತೆರಿಗೆ ಕಟ್ಟಿದ ಮಾತ್ರಕ್ಕೆ ಮನೆ ಅವರದಾಗುವುದಿಲ್ಲ, ನಿಜ. ಆದರೆ 1872ರ ಭಾರತೀಯ ಕರಾರು ಕಾಯಿದೆಯ 69ನೇ ಕಲಂ ಇದೆ. ಇನ್ನೊಬ್ಬ ಕಟ್ಟಬೇಕಾದ ಹಣವನ್ನು ತನ್ನ ಹಿತ ಉಳಿಸಿಕೊಳ್ಳಲು ಕಟ್ಟಿದವನು ಅದನ್ನು ಅವನಿಂದ ವಾಪಸು ಪಡೆಯಬಹುದು ಎನ್ನುತ್ತದೆ. ಕಾಯಿದೆ ಬರೆದವರು ಅದಕ್ಕೆ ಕೊಟ್ಟಿರುವ ಉದಾಹರಣೆಯೇ ಸ್ವಾರಸ್ಯದ್ದು: ಬಂಗಾಳದ ಜಮೀನ್ದಾರನೊಬ್ಬ ಸರ್ಕಾರಕ್ಕೆ ಕಂದಾಯ ಬಾಕಿ ಉಳಿಸಿಕೊಂಡು ಜಮೀನು ಹರಾಜಿಗೆ ಬರುತ್ತದೆ, ಗೇಣಿದಾರ ತನ್ನ ಗೇಣಿ ಹೋಗದಿರಲೆಂದು ಬಾಕಿ ಕಟ್ಟುತ್ತಾನೆ, ಜಮೀನ್ದಾರ ಆ ದುಡ್ಡು ಅವನಿಗೆ ತುಂಬಿಕೊಡಬೇಕು. ಅಣ್ಣತಮ್ಮಂದಿರ ಮುಂದೆ ಇದನ್ನು ಓದಿ ಹೇಳಿದೆ. ಪಾಲುಪಟ್ಟಿಯಲ್ಲಿ ಆಕೆಯ ಹೆಸರೂ ಬಂತು, ಕಟ್ಟಿದ ಹಣದ ಲೆಕ್ಕವೂ ಬಂತು.

ಹರಾಜು ಮುಗಿದುಹೋದರೂ ಎಲ್ಲ ಮುಗಿಯಿತು ಎಂದಲ್ಲ. ಭೂಕಂದಾಯ ಕಾಯಿದೆಯಲ್ಲಿ ಮೂವತ್ತು ದಿನದ ಅವಕಾಶವಿದೆ. ಬಾಕಿಯ ಜೊತೆಗೆ, ಸವಾಲು ಹಿಡಿದವನಿಗೆ ಅವನ ಹಣದ ಶೇಕಡಾ 5 ಸೇರಿಸಿ ಠೇವಣಿ ಇಟ್ಟು ಹರಾಜು ರದ್ದು ಮಾಡಿ ಎಂದು ಅರ್ಜಿ ಹಾಕಬಹುದು. ಹರಾಜಿನ ಕ್ರಮದಲ್ಲೇ ದೊಡ್ಡ ಲೋಪವಿದ್ದರೆ ಅದಕ್ಕೆ ಬೇರೆ ಅರ್ಜಿ.

ಲೋಪ ಎಂದೆನಲ್ಲ, ನಮ್ಮ ಕಡೆ ದೊಡ್ಡ ಲೋಪ ಮಳೆಯದು. ಆಷಾಢದಲ್ಲಿ ಬಾಗಿಲಿಗೆ ಅಂಟಿಸಿದ ಪ್ರಕಟಣೆ ಸಂಜೆಯೊಳಗೆ ಮೆತ್ತಗಾಗಿ ಜಾರುತ್ತದೆ, ಮರುದಿನ ಮೆಟ್ಟಿಲ ಮೇಲೆ ಮುದ್ದೆ. ಆಮೇಲೆ ಅಂಟಿಸಿದ್ದರು, ಅಂಟಿಸಿರಲಿಲ್ಲ ಎಂಬ ವ್ಯಾಜ್ಯ. ಪಂಚನಾಮೆಗೆ ಸಹಿ ಹಾಕಿ ಎಂದರೆ ನೆರೆಯವರು ತೋಟಕ್ಕೆ ಹೋಗಿಬಿಡುತ್ತಾರೆ; "ನಾಳೆ ಅವರ ಮುಖ ನೋಡ್ಬೇಕಲ್ಲ" ಎನ್ನುತ್ತಾರೆ. ಒಂದು ಕಚೇರಿಯಲ್ಲಿ, ಯಾವುದೆಂದು ಬೇಡ, ಊರಲ್ಲೇ ಇಲ್ಲದ ಇಬ್ಬರ ಹೆಸರು ಪಂಚರೆಂದು ಬರೆದಿದ್ದರು. ಪ್ರಕರಣ ಅಲ್ಲಿಗೆ ಬಿದ್ದುಹೋಯಿತು. ಸುಸ್ತಿದಾರ ಬಾಕಿ ಕಟ್ಟದೆ ಗೆದ್ದ. ನ್ಯಾಯ ಎನ್ನಲು ನನಗೆ ಮನಸ್ಸು ಬರಲಿಲ್ಲ.

ನೆರೆಯವರು ಸವಾಲೂ ಕೂಗುವುದಿಲ್ಲ. ಇದಕ್ಕೊಂದು ಹಿಂದಿನ ನೆನಪೂ ಇದೆಯೆಂದು ಕಾಣುತ್ತದೆ. 1930ರ ದಶಕದ ಕರನಿರಾಕರಣೆಯಲ್ಲಿ ಉತ್ತರ ಕನ್ನಡದ ಸಿದ್ದಾಪುರ, ಅಂಕೋಲಾ ತಾಲ್ಲೂಕುಗಳ ರೈತರ ಜಮೀನುಗಳನ್ನು ಬ್ರಿಟಿಷ್ ಸರ್ಕಾರ ಮುಟ್ಟುಗೋಲು ಹಾಕಿ ಹರಾಜು ಮಾಡಿತು. ಕೊಂಡವರ ಮನೆ ಮುಂದೆ ಸಿದ್ದಾಪುರದ ಹೆಂಗಸರು ಉಪವಾಸ ಕೂತರು. ಮಾವಿನಗುಂಡಿಯಲ್ಲಿ ಅವರ ಸ್ಮಾರಕವಿದೆ. 1937ರ ನಂತರ ಮುಂಬೈ ಪ್ರಾಂತದಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಜಮೀನು ಮರಳಿ ರೈತರಿಗೆ ಸಿಕ್ಕಿತು. ಮಲೆನಾಡಿನ ಹಳಬರ ಬಾಯಲ್ಲಿ ಹರಾಜಿನ ಸ್ವತ್ತು ಹಿಡಿಯುವುದು ಇಂದಿಗೂ ಒಳ್ಳೆಯ ಮಾತಲ್ಲ. ಆದರೆ ಆ ಉಪವಾಸವನ್ನು ಇಂದಿನ ಬಾಕಿಗೆ ನೆರಳು ಮಾಡಿಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ. ಅವರು ಕಟ್ಟದಿದ್ದುದು ಪರಕೀಯರ ಬೊಕ್ಕಸಕ್ಕೆ. ನಾವು ಕಟ್ಟದೆ ಉಳಿಸುವುದು ನಮ್ಮದೇ ಬೀದಿಯ ದೀಪದ್ದು, ನಲ್ಲಿಯದ್ದು.

ಊರವರು ಕೂಗದಿದ್ದರೆ ಹೊರಗಿನವರು ಬರುತ್ತಾರೆ. ಹೋಂಸ್ಟೇ ಮಾಡುವ ಹುಮ್ಮಸ್ಸಿನಲ್ಲಿ ಶೃಂಗೇರಿ ಕಡೆ ಹರಾಜಿನ ಮನೆ ಅಗ್ಗಕ್ಕೆ ಸಿಗುತ್ತದೆಯೇ ಎಂದು ವಿಚಾರಿಸಿಕೊಂಡು ಬಂದವರಿಗೆ ನಾನು ಹೇಳುವ ಮಾತು ಕಹಿಯೇ. ಸುಸ್ತಿದಾರನಿಗೆ ಎಷ್ಟು ಹಕ್ಕಿತ್ತೋ ಅಷ್ಟೇ ನಿಮಗೆ ಬರುವುದು. ಅವನಿಗೆ ಮೂರರಲ್ಲಿ ಒಂದು ಪಾಲಿದ್ದರೆ ನೀವು ಉಳಿದ ಇಬ್ಬರ ಜೊತೆ ಕೋರ್ಟು ಹತ್ತುತ್ತೀರಿ. ನಮ್ಮ ಮೂರು ತಾಲ್ಲೂಕುಗಳಲ್ಲಿ ಇನ್ನೊಂದು ತೊಡಕು: ಎಷ್ಟೋ ಮನೆಗಳು ನಿಂತಿರುವುದು ಸರ್ಕಾರಿ ಜಾಗದಲ್ಲಿ, ಕೆಲವು ಅರಣ್ಯವೆಂದು ದಾಖಲಾದ ಜಾಗದಲ್ಲಿ. ಅಲ್ಲಿರುವವರು ಮನೆ ಸಕ್ರಮಕ್ಕೆ ಭೂಕಂದಾಯ ಕಾಯಿದೆಯ 94ಸಿ ಕಲಮಿನಡಿ ಅರ್ಜಿ ಹಾಕಿ ಹಕ್ಕುಪತ್ರಕ್ಕೆ ಕಾಯುತ್ತಿರುತ್ತಾರೆ. ಪಂಚಾಯಿತಿ ಅಂಥ ಮನೆಯಿಂದಲೂ ಕಂದಾಯ ಪಡೆಯುತ್ತದೆ, ರಸೀದಿ ಕೊಡುತ್ತದೆ. ರಸೀದಿ ಹಕ್ಕುಪತ್ರವಾಗುವುದಿಲ್ಲ.

ಹಳೇ ಬಾಕಿಯ ಪ್ರಶ್ನೆಯೂ ಇದೆ. ಆಸ್ತಿ ತೆರಿಗೆ ಎಂಬುದು ಸ್ವತ್ತಿನ ಮೇಲೆಯೇ ಕೂತ ಹೊರೆ. ಆದರೂ 1971ರಲ್ಲಿ ಅಹಮದಾಬಾದ್ ಮಹಾನಗರಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬಾಕಿಯ ಸುಳಿವಿಲ್ಲದೆ ಹರಾಜಿನಲ್ಲಿ ಕೊಂಡವನ ಪರ ನಿಂತಿತು. ಅದನ್ನೇ ನೆಚ್ಚಿಕೊಂಡು ಕೂರಬೇಡಿ. 2023ರ ಮೇ ತಿಂಗಳಲ್ಲಿ ಕೇರಳ ವಿದ್ಯುತ್ ಮಂಡಳಿಯ ಪ್ರಕರಣದಲ್ಲಿ ಅದೇ ಕೋರ್ಟು, ನಿಯಮದಲ್ಲಿ ಅವಕಾಶವಿದ್ದರೆ ಹಿಂದಿನವನ ವಿದ್ಯುತ್ ಬಾಕಿಯನ್ನು ತೀರಿಸಿಯೇ ಹೊಸ ಸಂಪರ್ಕ ಪಡೆಯಬೇಕೆಂದು ಹರಾಜಿನಲ್ಲಿ ಕೊಂಡವರಿಗೆ ಹೇಳಬಹುದು ಎಂದಿದೆ. 'ಇದ್ದಲ್ಲಿ ಇದ್ದಂತೆ' ಎಂಬ ಷರತ್ತಿನಲ್ಲಿ ಕೊಳ್ಳುವವರು ಪಂಚಾಯಿತಿಯಲ್ಲೂ ನಮ್ಮ ಕಡೆಯ ವಿದ್ಯುತ್ ಕಂಪನಿ ಮೆಸ್ಕಾಂನಲ್ಲೂ ಮೊದಲೇ ಬಾಕಿ ವಿಚಾರಿಸಬೇಕು.

ದೊಡ್ಡ ಊರಿನ ಸುದ್ದಿಯೂ ಬೇರೆಯಿಲ್ಲ. 2024ರಲ್ಲಿ ಬೆಂಗಳೂರಿನ ಆಗಿನ ಮಹಾನಗರ ಪಾಲಿಕೆ ಬಿಬಿಎಂಪಿ ಬಾಕಿದಾರರಿಗೆ ದಂಡದಲ್ಲಿ ರಿಯಾಯಿತಿ ಕೊಟ್ಟಿತು. ಆದರೂ ಕಟ್ಟದವರ ಸ್ವತ್ತು ಹರಾಜು ಹಾಕುವುದಾಗಿ 2025ರ ಆರಂಭದಲ್ಲಿ ಪ್ರಕಟಿಸಿತು. ಇಂಥ ಪ್ರಕಟಣೆ ಬಂದಾಗ ಕೋಲು ಬೀಳುವ ಮೊದಲೇ ದುಡ್ಡು ಬರುತ್ತದೆ. ನಮ್ಮಲ್ಲೂ ನಾನು ಕಂಡ ನೋಟಿಸುಗಳಲ್ಲಿ ಸವಾಲಿನ ತನಕ ಹೋದದ್ದು ಅಪರೂಪ. ಎಷ್ಟೋ ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ನನ್ನ ಬೆಂಚಿನ ಮೇಲೆ ಒಟ್ಟಿಗೆ ಕೂರಿಸಿದ್ದು ಆ ಕಾಗದವೇ. ಹಾಗೆಂದು ಅದು ಬರಲಿ ಎಂದು ಕಾಯಬೇಕಿಲ್ಲ.

ಊರು ಬಿಟ್ಟು ಹೊರಗಿರುವವರಲ್ಲಿ ನನ್ನದೊಂದು ವಿನಂತಿ. ಕಂದಾಯ ಇಲಾಖೆ ಈಗ ಇ-ಪೌತಿ ಆಂದೋಲನ ನಡೆಸುತ್ತಿದೆ; ಗ್ರಾಮ ಆಡಳಿತಾಧಿಕಾರಿಯೇ ಜಮೀನಿನ ವಾರಸುದಾರರ ಮಾಹಿತಿ ಪಡೆಯುತ್ತಾರೆ. ಮನೆ ಖಾತೆಗೆ ಪಂಚಾಯಿತಿಯಲ್ಲಿ ಬೇರೆ ಅರ್ಜಿ ಬೇಕು. ಮುಂದಿನ ಸಲ ಬರುವಾಗ ಅಜ್ಜನ ಮರಣ ಪ್ರಮಾಣಪತ್ರ, ಎಲ್ಲರ ಆಧಾರ್ ಪ್ರತಿ, ಕೊನೆಯದಾಗಿ ಕಟ್ಟಿದ ತೆರಿಗೆ ರಸೀದಿ ತನ್ನಿ. ವಂಶವೃಕ್ಷದಲ್ಲಿ ಅತ್ತೆಯಂದಿರ, ಅಕ್ಕತಂಗಿಯರ ಹೆಸರು ಬಿಡಬೇಡಿ. ಬಿಟ್ಟ ಹೆಸರು ತಕರಾರು ಅರ್ಜಿಯಾಗಿ ವಾಪಸು ಬರುತ್ತದೆ, ಅದನ್ನು ಬರೆಯುವವನೂ ನಾನೇ. ಏಪ್ರಿಲ್ 30ರೊಳಗೆ ಬಂದು ಕಟ್ಟಿದರೆ ಪಟ್ಟಣದ ಮನೆಗೆ ಶೇಕಡಾ 5 ರಿಯಾಯಿತಿಯೂ ಸಿಗುತ್ತದೆ.