ಗೆರೆ ಇಳಿದರೆ ಕೋಶ ಸತ್ತಿತೆಂದಲ್ಲ

ಚಿ. ಸಹನಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಚಿಪ್ ಮೇಲೆ ಜೀವಕೋಶ ಬೆಳೆಸುವ ಲ್ಯಾಬಿಗೆ ಸೇರಿದ್ದೀಯ ಅಂತ ತಿಳಿದು ತುಂಬ ಸಂತೋಷವಾಯಿತು. ನಿನ್ನ ಓರಗೆಯ ಮಕ್ಕಳು ಅನೇಕರು ಇದೇ ಕೆಲಸಕ್ಕೆ ಬರುತ್ತಿರುವುದರಿಂದ, ಅವರೂ ಓದಲಿ ಅಂತ ಈ ಪತ್ರವನ್ನು ಪತ್ರಿಕೆಗೇ ಕಳಿಸಿದ್ದೇನೆ.

ನಾವು ಕೆಲಸ ಕಲಿತಾಗ ಕೋಶಗಳ ಯೋಗಕ್ಷೇಮ ತಿಳಿಯಲು ಇದ್ದದ್ದು ಮೀಡಿಯಂನ ಬಣ್ಣ ಮತ್ತು ಮೈಕ್ರೋಸ್ಕೋಪ್. ಕೋಶಗಳು ಆಮ್ಲ ಬಿಟ್ಟಂತೆಲ್ಲ ಫೀನಾಲ್ ರೆಡ್ ಹಳದಿಗೆ ತಿರುಗುತ್ತಿತ್ತು. ಮೈಕ್ರೋಸ್ಕೋಪಿನಲ್ಲಿ ನೋಡಬೇಕೆಂದರೆ ಪ್ಲೇಟನ್ನು 37 ಡಿಗ್ರಿಯ ಇನ್‌ಕ್ಯುಬೇಟರಿನಿಂದ ಹೊರಗೆ ತೆಗೆಯಬೇಕಿತ್ತು. ರಾತ್ರಿ ಏನು ನಡೆಯಿತೆಂದು ಬೆಳಿಗ್ಗೆ ಊಹಿಸಬೇಕಿತ್ತು.

ಈ ಕೊರತೆ ನೀಗಿಸಿದವರಲ್ಲಿ ಈವಾರ್ ಯೇವರ್ ಮುಖ್ಯರು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಅವರು 1973ರ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡವರು. ಸೂಪರ್‌ಕಂಡಕ್ಟರ್ ಬಿಟ್ಟು ಜೀವವಿಜ್ಞಾನಕ್ಕೆ ಹೊರಳಿ, ಚಾರ್ಲ್ಸ್ ಕೀಸ್ ಜೊತೆ 1984ರಲ್ಲಿ ಕೋಶಗಳನ್ನು ವಿದ್ಯುತ್ತಿನಿಂದ ಗಮನಿಸುವ ವಿಧಾನ ಪ್ರಕಟಿಸಿದರು. ತಳದಲ್ಲಿ ಕಾಲು ಮಿಲಿಮೀಟರ್ ಅಗಲದ ಚಿನ್ನದ ಎಲೆಕ್ಟ್ರೋಡ್, ಅದರಲ್ಲಿ ಅತಿ ದುರ್ಬಲ ಎಸಿ ವಿದ್ಯುತ್. ಕೋಶದ ಪೊರೆ ಆ ವಿದ್ಯುತ್ತನ್ನು ಸುಲಭವಾಗಿ ಬಿಡುವುದಿಲ್ಲ. ಕೋಶಗಳು ಅಂಟಿಕೊಂಡು ಹರಡಿದಂತೆ ಅದು ಅವುಗಳ ಅಡಿಯಲ್ಲೂ ಸಂದಿಗಳಲ್ಲೂ ನುಸುಳಬೇಕಾಗುತ್ತದೆ, ವಿದ್ಯುತ್ತಿಗೆ ಆಗುವ ತಡೆ, ಅಂದರೆ ಇಂಪೀಡೆನ್ಸ್, ಏರುತ್ತದೆ. ಕೋಶಗಳು ಪೂರ್ತಿ ಆವರಿಸಿದ ಮೇಲೂ ಇಂಪೀಡೆನ್ಸ್ ತೋರಿಸುವ ಗೆರೆ ಸಣ್ಣಗೆ ಅದುರುತ್ತಲೇ ಇರುತ್ತದೆ. ಬದುಕಿರುವ ಕೋಶ ಒಂದೇ ಕಡೆ ಸುಮ್ಮನೆ ಕೂರುವುದಿಲ್ಲ. ಆ ಅದುರಾಟವನ್ನು ಮೊದಲ ಸಲ ನೋಡುವಾಗ ಅವಸರ ಮಾಡಬೇಡ, ಕೂತು ನೋಡು.

ಇನ್ನು ನಾನು ಹೇಳಬೇಕೆಂದಿರುವ ಮಾತು. ಚಿಪ್ ಅಳೆಯುವುದು ವಿದ್ಯುತ್ತಿಗೆ ಎಷ್ಟು ತಡೆಯಾಯಿತು ಎಂಬುದನ್ನು ಮಾತ್ರ. ಯಾಕೆ ಎಂಬುದನ್ನು ಅದು ಹೇಳಲಾರದು. ಒಂದು ವೆಲ್‌ಗೆ ಟ್ರಿಪ್ಸಿನ್ ಹಾಕಿ ನೋಡು. ಕೋಶಗಳು ತಳ ಬಿಟ್ಟು ದುಂಡಗಾಗುತ್ತವೆ, ಗೆರೆ ದಡಕ್ಕನೆ ಇಳಿಯುತ್ತದೆ, ಆದರೆ ಕೋಶಗಳು ಬದುಕೇ ಇರುತ್ತವೆ! ಮೀಡಿಯಂ ಬದಲಿಸಿದರೂ, ಇನ್‌ಕ್ಯುಬೇಟರಿನ ಬಾಗಿಲು ತೆರೆದರೂ ಗೆರೆ ಜಿಗಿಯುತ್ತದೆ. ಪೀಟ್ ಬೆರ್ಗ್‌ವೆಲ್ಡ್ 1970ರಲ್ಲಿ ಪರಿಚಯಿಸಿದ ಐಎಸ್‌ಎಫ್‌ಇಟಿ ಎಂಬ ಸೆನ್ಸರ್ ಬಳಸಿ ಪಿಎಚ್ ಅಳೆದರೂ ಇದೇ ಪಾಡು. ಆಮ್ಲ ಕಡಿಮೆಯಾದರೆ ಕೋಶ ಸೊರಗಿರಬಹುದು, ಇಲ್ಲವೇ ಕಾರ್ಬನ್ ಡೈಆಕ್ಸೈಡ್ ಇಳಿದಿರಬಹುದು.

ಅದಕ್ಕೇ ಪ್ರತಿ ಪ್ರಯೋಗದಲ್ಲೂ ಕೋಶವಿಲ್ಲದ, ಬರೀ ಮೀಡಿಯಂ ಇರುವ ಒಂದು ವೆಲ್ ಇಟ್ಟುಕೋ. ಅಲ್ಲೂ ಗೆರೆ ಅಲುಗಿದರೆ ತಪ್ಪು ಕೋಶಗಳದ್ದಲ್ಲ. ಒಂದೇ ಫ್ರೀಕ್ವೆನ್ಸಿಗೆ ಅಂಟಿಕೊಳ್ಳಬೇಡ. ಕಡಿಮೆ ಫ್ರೀಕ್ವೆನ್ಸಿಯಲ್ಲಿ ಕೋಶಗಳ ನಡುವಿನ ಬಿಗಿ ಚೆನ್ನಾಗಿ ತಿಳಿಯುತ್ತದೆ, ಹೆಚ್ಚಿನದರಲ್ಲಿ ಅವು ಎಷ್ಟು ಜಾಗ ಆವರಿಸಿವೆ ಎಂಬುದು. ಬಾಗಿಲು ತೆರೆದ ಹೊತ್ತನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡು. ಗೆರೆ ತಿರುಗಿದ ಕಡೆ ಎದ್ದು ಹೋಗಿ ಮೈಕ್ರೋಸ್ಕೋಪಿನಲ್ಲಿ ನೋಡು.

ನೋಡುವ ಮೊದಲೇ ‘ಕೋಶಗಳು ಸತ್ತವು’ ಅಂತ ಬರೆಯಬೇಡ, ‘ಇಂಪೀಡೆನ್ಸ್ ಇಳಿಯಿತು’ ಅಂತಷ್ಟೇ ಬರೆ. ಒಂದು ಹೊಸ ಔಷಧ ಕೋಶಕ್ಕೆ ವಿಷವೋ ಅಲ್ಲವೋ ಅಂತ ಯಾರೋ ನಿನ್ನ ಪುಟ ನಂಬಿ ತೀರ್ಮಾನಿಸುತ್ತಾರೆ. ಒಳ್ಳೆಯ ಔಷಧ ಮೂಲೆಗೆ ಬೀಳಬಾರದು, ಕೆಟ್ಟದ್ದು ರೋಗಿಯವರೆಗೆ ಹೋಗಬಾರದು. ಆ ಹೊಣೆ ಚಿಪ್ಪಿನದಲ್ಲ ಮಗಳೇ, ನಿನ್ನದು.

ಇಂತಿ ನಿನ್ನ ಪ್ರೀತಿಯ
ದೊಡ್ಡಮ್ಮ